ಮಸ್ಕಿಗೆ ಬಂದ ವರಂಗಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮಸ್ಕಿಯ ಸಿಂಪಿಗರ ಲಾಲಪ್ಪನ ವಿಷಯದಲ್ಲಿ ಪೂರ್ತಿ ಒಂದು ಮಾತೂ ಬೇಕಾಗಲಿಲ್ಲ, ಒಂದು ಅಕ್ಷರ ಸಾಕಾಯಿತು. ‘ಗಿ’ ಎನ್ನುವ ಆ ಅಕ್ಷರ ಬೆಳಗಾಗುತ್ತಲೇ ಅವನ ಅಂಗಡಿಯಿಂದ ಹೊರಬಿದ್ದು, ಹೊತ್ತು ಇಳಿಯುವಷ್ಟರಲ್ಲಿ ಇಡೀ ಓಣಿಯನ್ನು ಅವನ ಬಾಗಿಲಿಗೆ ತಂದು ನಿಲ್ಲಿಸಿತು.

ಆ ಅಕ್ಷರವನ್ನು ಊರಿಗೆ ತಂದವರು ಸಾಲೆಯ ನಬೀಸಾಬ್ ಮಾಸ್ತರರು. ಅದು ಹೈದರಾಬಾದಿನ ಹುಜೂರರ ಜುಬಿಲಿಯ ವರ್ಷ. ಸಂಭ್ರಮದ ಜಲಸಾ ಆಗಬೇಕು, ಸಾಲೆಯವರು ಏನಾದರೂ ಮಾಡಿ ತೋರಿಸಬೇಕು ಎಂದು ಊರೂರಿಗೆ ಹುಕುಂ ಹೋಗಿತ್ತು. ನೋಡಲು ಲಿಂಗಸುಗೂರಿನಿಂದ ತಾಲೂಕದಾರ ಸಾಹೇಬರೇ ಮಸ್ಕಿಗೆ ಬರುವವರಿದ್ದರು. ಬೇರೆ ಊರಿನ ಮಾಸ್ತರರು ಹುಡುಗರಿಗೆ ಎರಡು ಹಾಡು ಕಲಿಸಿ ಕೈತೊಳೆದುಕೊಂಡರು. ನಬೀಸಾಬರಿಗೆ ತವಾರೀಖಿನ ಹುಚ್ಚು, ಅಂದರೆ ಹಳೆಯ ಇತಿಹಾಸದ ಹುಚ್ಚು. ಸಮುದ್ರದಾಚೆಯ ರೂಮ್ ದೇಶದ ಹಳೆಯ ಬಾದಶಹಾನ ನಾಟಕವನ್ನೇ ಆಡಿಸುತ್ತೇನೆಂದು ಹಟ ಹಿಡಿದು ಕೂತರು.

ಬಾದಶಹಾ, ವಜೀರರೆಲ್ಲ ಸಾಲೆಯ ಹುಡುಗರೇ ಆದರು. ಅರಮನೆಯ ಬಾಗಿಲು ಕಾಯುವ ಪಹರೆಯವರು ಮಾತ್ರ ಎತ್ತರದ ಗಂಡಸರಾಗಬೇಕಿತ್ತು. ಅದಕ್ಕೆ ಹತ್ತಿ ಪಿಂಜುವ ರಾಜೇಸಾಬ್, ಗರಡಿಯ ಪಕೀರಪ್ಪ, ಕಟಿಗರ ಹುಸೇನಬಾಷಾ ಸಿಕ್ಕರು. ನಾಲ್ಕನೆಯವನು ಲಾಲಪ್ಪ. ಮೊದಲ ದಿನ ನಾಲ್ವರನ್ನೂ ಜಗಲಿಯ ಮೇಲೆ ಕೂಡಿಸಿಕೊಂಡು ಮಾಸ್ತರರು ವಿವರಿಸಿದರು.

"ನಮ್ಮ ಸರಕಾರದವರು ಅರಬರನ್ನ, ರೋಹಿಲ್ಲಾರನ್ನ ಪಹರೆಗೆ ಇಟಗೊಂಡಾರಲ್ಲ, ಹಂಗ ರೂಮ್ ಬಾದಶಹಾನೂ ಮಾಡಿದ್ದ. ಅವಗ ತನ್ನೂರ ಮಂದಿ ಮ್ಯಾಲ ಭರೋಸಾ ಇರಲಿಲ್ಲ. ಉತ್ತರದಾಗ ಬರೀ ಬರ್ಫ್, ಅಂದ್ರ ಹಿಮ, ಬೀಳೋ ಮುಲುಕು ಒಂದೈತಿ. ಅಲ್ಲಿ ಗಂಡಸರು ಈಚಲ ಗಿಡದಂಗ ಎತ್ತರ, ಕೆಂಪು ಗಡ್ಡ, ಕೈಯಾಗ ಉದ್ದ ಕಾವಿನ ಕೊಡಲಿ. ಹೊಳಿಗುಂಟ ದೋಣಿ ನಡಸಿಕೋತ ಬಂದ್ರು. ಹೊಳಿ ಮುಗದ ಕಡೆ ದೋಣೀನ ಹೆಗಲ ಮ್ಯಾಲ ಹೊತ್ತರು. ಪಗಾರಕ್ಕ ಬಂದವರು ಜೀವ ಕೊಟ್ಟು ಬಾದಶಹಾನ ಬಾಗಲಾ ಕಾದ್ರು. ಅವರಿಗೆ ವರಂಗಿ ಅಂತಾರ."

"ಬರೇ ಬಾಗಲಾ ಕಾದ್ರ ಬ್ಯಾಸರ ಆಗಂಗಿಲ್ಲೇನ್ರಿ?" ಎಂದ ರಾಜೇಸಾಬ್.

"ಆಗಿರಬೇಕು. ಅಲ್ಲಿ ದೊಡ್ಡ ದೇವರ ಮನಿಯೊಳಗ ಒಬ್ಬಾಂವ ಕಲ್ಲಿನ ಮ್ಯಾಲ ತನ್ನ ಹೆಸರು ಕೆತ್ತಿ ಇಟ್ಟಾನ. ಇನ್ನೂ ಐತಂತ."

"ನಮ್ಮ ಗುಡ್ಡದ ಕಲ್ಲಿನ ಮ್ಯಾಲೂ ಏನೇನೋ ಕೆತ್ಯಾರಲ್ರಿ. ಅವರೂ ಪಹರೆದವರೇನು?"

"ಅದು ನಮ್ಮ ದೇಶದ ಹಳೇ ಬಾದಶಹಾನೇ ಕೆತ್ತಿಸಿದ್ದೋ ಮಾರಾಯ" ಎಂದು ಮಾಸ್ತರರು ಹಣೆ ಒತ್ತಿಕೊಂಡರು.

ಲಾಲಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅವರ ಹೇಣ್ತೇರು ಜೋಡಿ ಬಂದಿದ್ರೇನ್ರಿ ಮಾಸ್ತರ?"

"ಇಲ್ಲ. ಅವರು ಬರ್ಫಿನ ಊರಾಗ ಉಳದ್ರು."

ಅವತ್ತು ಸಂಜೆ ಲಾಲಪ್ಪನ ಹೊಲಿಗೆ ಮಿಷಿನ್ನು ಯಾಕೋ ನಿಧಾನವಾಗಿ ಓಡಿತು.

ಲಾಲಪ್ಪನಿಗೆ ದೇವರು ಎತ್ತರ ಕೊಟ್ಟಿದ್ದ, ಅಗಲ ಕೊಡಲು ಮರೆತಿದ್ದ. ಓಣಿಯವರು ಅವನಿಗೆ ಗಜಕಡ್ಡಿ ಎಂದೇ ಹೆಸರಿಟ್ಟಿದ್ದರು. ಆದರೆ ರಾಜೇಸಾಬನ ಹತ್ತಿ ಇರುವಾಗ ಅಗಲಕ್ಕೇನು ಬರ? ಲಾಲಪ್ಪ ತನ್ನ ಅಂಗಿಯ ಒಳಗೆ ಹತ್ತಿ ತುಂಬಿ ಎದೆ, ತೋಳು, ಹೆಗಲು ಎಲ್ಲವನ್ನೂ ಹೊಲಿದುಕೊಂಡ. ನಾಲ್ವರಿಗೂ ಕೆಂಪು ಮಖಮಲ್ಲಿನ ನಿಲುವಂಗಿ ಹೊಲಿದ. ಪುಂಡಿನಾರನ್ನು ಮದರಂಗಿಯಲ್ಲಿ ನೆನೆಹಾಕಿ ಕೆಂಪು ಗಡ್ಡ ಮಾಡಿದ. ಗಡ್ಡ ಕೆಂಪಾಯಿತೋ ಇಲ್ಲವೋ, ಅವನ ಎರಡೂ ಅಂಗೈ ಮಾತ್ರ ಮದುಮಗನ ಕೈ ಆದವು.

ಇದ್ಯಾವುದನ್ನೂ ಅವನು ಹೆಂಡತಿ ಅಮರಮ್ಮನಿಗೆ ಹೇಳಿರಲಿಲ್ಲ. ಮದುವೆಯಾದಂದಿನಿಂದ ಆಕೆ ಅವನನ್ನು ಮಿಷಿನ್ನಿನ ಮೇಲೆ ಬಾಗಿದ ಬೆನ್ನಾಗಿಯೇ ನೋಡಿದ್ದಳು. ಒಂದು ಸಲವಾದರೂ ಆಕೆಯ ಮುಂದೆ ಎದೆ ಸೆಟೆಸಿ ನಿಲ್ಲಬೇಕು, ಆಕೆ ಬೆರಗಾಗಬೇಕು, ಆ ಬೆರಗನ್ನು ಕಟ್ಟಿಕೊಂಡೇ ತವರಿಗೆ ಹೋಗಬೇಕು ಎನ್ನುವುದು ಅವನ ಆಸೆ. ಆಕೆಗೆ ಏಳು ತಿಂಗಳು. ಚೊಚ್ಚಲ ಹೆರಿಗೆ. ನಾಟಕದ ಮರುದಿನ ಗೊರೇಬಾಳದಿಂದ ಮಾವ ಬಸ್ಸಪ್ಪ ಗಾಡಿ ಕಟ್ಟಿಕೊಂಡು ಬರುವುದೆಂದು ಮಾತಾಗಿತ್ತು. ಹೋದರೆ ಕೂಸಿಗೆ ಐದು ತಿಂಗಳಾಗುವವರೆಗೂ ಆಕೆ ಬರುವಂತಿಲ್ಲ.

ಅತ್ತೆ ಮಾವ ಇಲ್ಲದ ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಅವನ ಸೂಜಿಗೆ ದಾರ ಪೋಣಿಸುವವಳು ಆಕೆ. ಉಣ್ಣುವಾಗ ಅವನ ಅಂಗಿಗೆ ಅಂಟಿದ ದಾರದ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುವವಳೂ ಆಕೆಯೇ. ಆಕೆ ಇಲ್ಲದ ಮನೆ ಹೇಗಿರುತ್ತದೆಂದು ನೆನೆದರೆ ಲಾಲಪ್ಪ ಊಟದ ನಡುವೆಯೇ ಎದ್ದು ಅಂಗಡಿಗೆ ಹೊರಟುಬಿಡುತ್ತಿದ್ದ. ಹೇಳಿಕೊಳ್ಳಲು ನಾಚಿಕೆ. ಹೆಂಡತಿ ಬಾಣಂತನಕ್ಕೆ ಹೋದಳೆಂದು ಅತ್ತ ಗಂಡಸು ಆ ಸೀಮೆಯಲ್ಲಿ ಯಾವನಿದ್ದಾನೆ?

ನಾಟಕದ ದಿನ ಬೆಳಗ್ಗೆ ಪಕ್ಕದ ಮನೆಯ ಕಸ್ತೂರೆಮ್ಮ ಅಂಗಡಿಗೆ ಬಂದಳು. ಕಸ್ತೂರೆಮ್ಮನ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಆದರೆ ಮನಸ್ಸು ಎದ್ದು ಕೂಡುವ ಮುಂಚೆಯೇ ಬಾಯಿ ಊರು ಸುತ್ತಿ ಬಂದಿರುತ್ತಿತ್ತು.

"ನನ್ನ ಕುಪ್ಪಸ ಆತೇನೋ ಲಾಲಪ್ಪ?"

ಲಾಲಪ್ಪನ ಹಲ್ಲಿನ ನಡುವೆ ದಾರ, ಮನಸ್ಸೆಲ್ಲ ಕೊನೆಯ ನಿಲುವಂಗಿಯ ಮೇಲೆ. "ಇಲ್ಲಕ್ಕ. ಇವತ್ತು ವರಂಗಿದು ಮುಗಸಬೇಕು."

"ಯಾವ ವರಂಗಿ?"

ಲಾಲಪ್ಪ ನಾಲಿಗೆ ಕಚ್ಚಿಕೊಂಡ. "ಯಾರಿಗೂ ಅನಬ್ಯಾಡಕ್ಕ. ನಮ್ಮಾಕಿಗಂತೂ ಗೊತ್ತಾಗಲೇಬಾರದು."

ಕಸ್ತೂರೆಮ್ಮನ ಕಣ್ಣು ಮಖಮಲ್ಲಿನ ಮೇಲೆ ಬಿತ್ತು. "ಈ ಮಖಮಲ್ಲೂ ವರಂಗಿದೇನು?"

"ಹೂಂ."

"ಇಷ್ಟುದ್ದ?"

"ಎತ್ತರ ಐತೆಲ್ಲಕ್ಕ ವರಂಗಿ. ನನ್ನಷ್ಟ ಎತ್ತರ."

"ಎಲ್ಲಿ ಇಳದೈತಿ?"

"ಸಾಲ್ಯಾಗ. ನಬೀಸಾಬ್ ಮಾಸ್ತರ ಜಿಮ್ಮಾ. ನಾ ದಿನಾ ಸಂಜೀಕ ಹೊಕ್ಕೀನಿ."

ಹೀಗೆ ಹೇಳುತ್ತ ಅವನು ಕತ್ತರಿಗೆ ಕೈ ಚಾಚಿದ. ಕೆಂಪು ಅಂಗೈ ಕಂಡಿತು.

"ಏನೋ ಇದು, ಕೈಗೆ ಮದರಂಗಿ?"

"ಅದೂ ವರಂಗಿ ಸಲುವಾಗೇ ಅಕ್ಕ" ಎಂದ ಆ ಪುಣ್ಯಾತ್ಮ.

ಕಸ್ತೂರೆಮ್ಮ ಅಲ್ಲಿ ನಿಲ್ಲಲಿಲ್ಲ. ವರಂಗಲ್ ಎಂದರೆ ನಿಜಾಮರ ಮುಲುಕಿನ ಆಚೆ ತುದಿ, ತೆಲುಗು ಸೀಮೆ, ಜಮಖಾನೆಗಳು ಬರುವ ಊರು. ಆ ಊರಿನವಳು ವರಂಗಿ. ಇದರಲ್ಲಿ ತಿಳಿಯದೆ ಇರುವುದೇನಿದೆ? ಹಾದಿಯ ಮೊದಲ ಬಾವಿ ದಾಟುವಷ್ಟರಲ್ಲಿ ವರಂಗಿಯ ಮೂಗಿಗೆ ಮೂಗುಬೊಟ್ಟು ಬಂದಿತ್ತು. ಎರಡನೆಯ ಬಾವಿಯ ಹತ್ತಿರ ಆಕೆ ತೆಲುಗು ಹಾಡು ಹೇಳಿ ಕುಣಿಯುವವಳಾದಳು. ಅಮರಮ್ಮನ ಅಂಗಳ ಮುಟ್ಟುವ ಹೊತ್ತಿಗೆ ಲಾಲಪ್ಪ ಆಕೆಗೆ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟಾಗಿತ್ತು.

ಲಾಲಪ್ಪನಿಗೆ ಇದರ ಸುಳಿವೂ ಇಲ್ಲ. ನಿಲುವಂಗಿ ಮುಗಿಸಿ ಬಗಲಲ್ಲಿ ಇಟ್ಟುಕೊಂಡು ಸಾಲೆಗೆ ಹೋದ. ಅಲ್ಲಿ ಕೊಡಲಿ ಹಿಡಿದು ಮಿಸುಕದೆ ನಿಲ್ಲುವ ಅಭ್ಯಾಸ ನಡೆದಿತ್ತು. ಮಧ್ಯಾಹ್ನ ಇಳಿಯುತ್ತ ಬಂದಾಗ ಉಣ್ಣಲು ಮನೆಗೆ ಹೋಗಿದ್ದ ಪಕೀರಪ್ಪ ಏದುಸಿರು ಬಿಡುತ್ತ ಬಂದ.

"ಲೇ ಲಾಲಪ್ಪ, ನಿಮ್ಮ ಮಾವ ಗಾಡಿ ತಗೊಂಡು ಬಂದಾನ. ನಿಮ್ಮನಿ ಮುಂದ ಮಂದಿ ಕೂಡೈತಿ. ನಿನ್ನ ಹೇಣ್ತಿ ಅಳಾಕತ್ಯಾಳ."

ಅಳು ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಲಾಲಪ್ಪ ಕೊಡಲಿ ಬಿಸುಟು ಓಡಿದ.

ಮನೆಯ ಮುಂದೆ ಎತ್ತುಗಳು ನೊಗದಲ್ಲೇ ನಿಂತಿದ್ದವು. ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿತ್ತು. ಬಸ್ಸಪ್ಪ ಜಗಲಿಯ ಮೇಲೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಮರಮ್ಮ ಹೊಸ್ತಿಲಿನ ಒಳಬದಿಗೆ ಬಾಗಿಲ ಚೌಕಟ್ಟು ಹಿಡಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದಳು. ಸುತ್ತ ಓಣಿಯ ಹೆಂಗಸರು, ಎಲ್ಲರ ಮುಂದೆ ಕಸ್ತೂರೆಮ್ಮ.

"ಮಾವ, ನಾಳೆ ಬರತೀನಿ ಅಂದಿದ್ರಿ?" ಎಂದ ಲಾಲಪ್ಪ.

"ಬರಾಂವಿದ್ದೆ. ನಮ್ಮೂರ ಮಠದ ಅಯ್ಯನೋರು ಮತ್ತೊಮ್ಮಿ ಎಣಿಸಿ ನೋಡಿದ್ರು. ನಾಳೆಗೆ ಎಂಟರಾಗ ಬೀಳತಾಳಂತ. ಎಂಟರಾಗ ಬಸರಿ ಹೆಣಮಗಳ್ನ ಗಂಡನ ಮನಿಯಿಂದ ಹೊರಡಸಬಾರದು. ಇವತ್ತ ಹೊಸ್ತಿಲು ದಾಟಸಬೇಕು, ಇಲ್ಲಂದ್ರ ಮತ್ತ ಒಂಬತ್ತು ಬೀಳೂತನಕ ತಿಂಗಳ ಕಾಯಬೇಕು. ದಾರ್ಯಾಗ ನಮ್ಮಕ್ಕನ ಮನಿ ಐತಿ, ಅಲ್ಲಿ ರಾತ್ರಿ ಇಟಗೊಂಡು ಮುಂಜಾನೆ ಹೋದ್ರಾತು ಅಂತ ಬಂದೆ. ಬಂದ್ರ ಇಲ್ಲಿ ನಿನ್ನ ವರಂಗಿ ಪುರಾಣ ನಡದೈತಿ."

"ವರಂಗಿ?" ಲಾಲಪ್ಪ ಪೆಚ್ಚಾದ. "ಅಯ್ಯ, ವರಂಗಿ ಹೆಣ್ಣಲ್ರಿ ಮಾವ, ಗಂಡಸು."

ಕಸ್ತೂರೆಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಹುಡುಗ ಹುಡುಗಿ, ಮುದುಕ ಮುದುಕಿ, ಕುರುಡ ಕುರುಡಿ. ಗಂಡಸಾಗಿದ್ರ ವರಂಗ ಅನಬೇಕಿತ್ತು. ನಮಗೇನು ಕನ್ನಡ ಬರಂಗಿಲ್ಲೇನು?"

ಹೆಂಗಸರೆಲ್ಲ ತಲೆದೂಗಿದರು. ಈ ವ್ಯಾಕರಣಕ್ಕೆ ಎದುರು ಹೇಳುವ ತಾಕತ್ತು ಲಾಲಪ್ಪನಿಗೆ ಎಲ್ಲಿಂದ ಬರಬೇಕು?

"ಒಂದಲ್ಲಕ್ಕ, ನಾಕು ಮಂದಿ ವರಂಗಿ ಅದೀವಿ" ಎಂದ.

"ನಾಕು ಮಂದಿ?" ಎಂದು ಹಿಂದಿನಿಂದ ಯಾರೋ ಉಸಿರು ಎಳೆದುಕೊಂಡರು.

"ನಾನೂ ಒಬ್ಬ ವರಂಗಿ."

ಬಸ್ಸಪ್ಪ ಎದ್ದು ಬಂದು ಅಳಿಯನ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಲಾಲಪ್ಪ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಮರೀ, ನನ್ನ ಮಾತು ಕೇಳು. ವರಂಗಿ ಅಂದ್ರ ರೂಮ್ ಬಾದಶಹಾನ—" ಎನ್ನುವಷ್ಟರಲ್ಲಿ ಅಮರಮ್ಮನ ಅಳು ಅವನ ಮಾತನ್ನು ಮುಳುಗಿಸಿಬಿಟ್ಟಿತು. ಅವನು ಸುಮ್ಮನಾದರೆ ಆಕೆಯೂ ಬಿಕ್ಕಳಿಕೆಗೆ ಇಳಿಯುವಳು. ಬಾಯಿ ತೆರೆದರೆ ಮತ್ತೆ ದನಿ ಎತ್ತುವಳು. ನಡುನಡುವೆ ಕಣ್ಣೊರೆಸಿಕೊಂಡು ಅಂಗಳದ ನೆರಳು ನೋಡುವಳು.

"ಏಳವ್ವ, ಇಂಥವನ ಮನ್ಯಾಗ ಯಾಕ ಇರತಿ, ನಡಿ" ಎಂದ ಬಸ್ಸಪ್ಪ.

"ನಾ ಬರಂಗಿಲ್ಲಪ್ಪ. ನಾ ಹೊಸ್ತಿಲು ದಾಟಿದ್ರ ಆಕಿ ಒಳಗ ಬರತಾಳ. ನಾ ಸತ್ರೂ ಇಲ್ಲೇ, ಹಡದ್ರೂ ಇಲ್ಲೇ."

"ಖರೇ ಐತಿ" ಎಂದಳು ಕಸ್ತೂರೆಮ್ಮ. "ಇಂಥಾ ಹೊತ್ತಿನಾಗ ಹೆಣ್ಣು ಒಲಿ ಬಿಟ್ಟು ಏಳಬಾರದು." ಬಸ್ಸಪ್ಪ ರುಮಾಲನ್ನು ಸುತ್ತಿಕೊಂಡ, ಮತ್ತೆ ಬಿಚ್ಚಿದ. ಮಗಳನ್ನು ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಲಾಲಪ್ಪ ಹಿತ್ತಲಿಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಆಗ ಅವನಿಗೆ ಹೊಳೆಯಿತು. ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಮನೆಯ ಹೆಣ್ಣುಮಗಳನ್ನು ಯಾರೂ ಹೊರಗೆ ಕಳಿಸುವುದಿಲ್ಲ. ನಾಳೆ ಎಂಟು. ಅಂದರೆ ಅಮರಮ್ಮ ಇನ್ನೂ ಒಂದು ತಿಂಗಳು ಇಲ್ಲೇ. ಅವನು ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ಬೇವಿನ ಗಿಡಕ್ಕೆ ಒರಗಿ ಕೂತರೆ ಸಾಕು. ನಾಳೆ ಬೆಳಗ್ಗೆ ಮಾಸ್ತರರನ್ನೇ ಕರೆತಂದು ನಿಜ ಹೇಳಿಸಿದರಾಯಿತು. ಒಂದು ತಿಂಗಳು ಆಕೆ ಎದುರಿಗೆ ಇರುತ್ತಾಳೆ. ಅವನಿಗೆ ನಗು ಬಂದುಬಿಟ್ಟಿತು. ಬೇಡದೆಯೇ ದೇವರು ಕೊಟ್ಟ ವರವಿದು ಅಂದುಕೊಂಡ.

ಒಳಗಿನಿಂದ ಮತ್ತೆ ಬಿಕ್ಕಳಿಕೆ ಕೇಳಿತು. ಲಾಲಪ್ಪನ ನಗು ಆರಿತು. ಹಿತ್ತಲ ಬಾಗಿಲಲ್ಲಿ ಇಣುಕಿದರೆ, ಒಲೆಯ ಪಕ್ಕದಲ್ಲಿ ಬೆಳಗ್ಗೆ ಬಡಿದಿಟ್ಟ ರೊಟ್ಟಿ ಮುಟ್ಟಿದವರಿಲ್ಲದೆ ಹಾಗೇ ಇದ್ದವು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಆಕೆ ಉಪವಾಸ ಕೂತು ಅಳುತ್ತಿದ್ದಾಳೆ, ಅದೂ ಇಲ್ಲದ ಒಬ್ಬಳ ಸಲುವಾಗಿ. ಒಂದು ರಾತ್ರಿ ಪೂರ್ತಿ ಅಳುತ್ತಾಳೆ. ಆ ಅಳುವಿನ ಮೇಲೆ ಕೂತು ತಾನು ಒಂದು ತಿಂಗಳ ಸುಖ ಉಣ್ಣಬೇಕೆ? ಅಂಥ ತುತ್ತು ತನಗೆ ಬೇಡ. ಆಕೆ ಹೋಗಲಿ, ನಗುತ್ತ ಹೋಗಲಿ. ಅಷ್ಟು ತೀರ್ಮಾನಿಸಿ ಲಾಲಪ್ಪ ಹಿತ್ತಲ ಬೇಲಿ ಹಾರಿದ.

ಸಾಲೆಯಲ್ಲಿ ಉಳಿದ ಮೂವರು ಆಗಲೇ ಗಡ್ಡ ಕಟ್ಟಿ ನಿಂತಿದ್ದರು. ಲಾಲಪ್ಪ ಮಾಸ್ತರರ ಕೈ ಹಿಡಿದುಕೊಂಡ.

"ಮಾಸ್ತರ, ನಾಕೂ ಮಂದೀನ ನಮ್ಮನೀತನಕ ಬಿಡ್ರಿ. ವರಂಗಿ ಅಂದ್ರ ಗಂಡಸು ಅಂತ ನಮ್ಮಾಕಿಗೆ ತೋರಸಬೇಕು."

ವಿಷಯ ಕೇಳಿ ನಬೀಸಾಬರು ಕೈಯಲ್ಲಿದ್ದ ನಾಟಕದ ಪುಸ್ತಕ ಮಡಚಿದರು. "ಆ ಬಹಾದ್ದೂರರ ಕಾಲ ಮುಗದು ಎಷ್ಟೋ ನೂರು ವರ್ಷ ಆದವು ಲಾಲಪ್ಪ. ಇಡೀ ತವಾರೀಖಿನಾಗ ಯಾರಿಗೂ ಈ ಶಕ್, ಈ ಸಂಶಯ ಬಂದಿರಲಿಲ್ಲ" ಎಂದರು. ಆಮೇಲೆ ಅವನ ಕಣ್ಣು ನೋಡಿದರು. "ಹೋಗು. ಸಾಹೇಬರ ಮೋಟಾರ್ ಬರೂದ್ರಾಗ ವಾಪಸ್ ಬರಬೇಕು ಮತ್ತ. ಬಾದಶಹಾನ ಬಾಗಲಾ ಖಾಲಿ ಬಿಡಬ್ಯಾಡ್ರಿ."

ಲಾಲಪ್ಪನೂ ಹತ್ತಿಯ ಅಂಗಿ, ನಿಲುವಂಗಿ, ಗಡ್ಡ ತೊಟ್ಟ ಮೇಲೆ ನಾಲ್ವರು ವರಂಗಿಗಳು ಮಸ್ಕಿಯ ಬಜಾರಿನಲ್ಲಿ ದಾಪುಗಾಲು ಹಾಕಿದರು. ಕೆಂಪು ನಿಲುವಂಗಿ, ಎದೆಯ ತನಕ ಕೆಂಪು ಗಡ್ಡ, ಹೆಗಲ ಮೇಲೆ ಉದ್ದ ಕಾವಿನ ಕೊಡಲಿ. ರೋಹಿಲ್ಲಾರ ದಂಡು ಬಂತೆಂದು ಕಿರಾಣಿ ಅಂಗಡಿಯವನು ತೆರೆದ ಬೆಲ್ಲವನ್ನು ಹಾಗೇ ಬಿಟ್ಟು ಬಾಗಿಲು ಹಾಕಿಕೊಂಡ. ಓಣಿಯ ನಾಯಿಗಳೆಲ್ಲ ಮೆರವಣಿಗೆಯ ಹಿಂದೆ ಬಿದ್ದವು. ಲಾಲಪ್ಪನ ಮನೆಯ ತಿರುವಿಗೆ ಬಂದಾಗ ಬಸ್ಸಪ್ಪನ ಎತ್ತುಗಳು ತಲೆ ಎತ್ತಿ ನೋಡಿದವು. ಗೊರೇಬಾಳದ ಎತ್ತುಗಳು ಕೆಂಪು ಗಡ್ಡ ಯಾವತ್ತು ಕಂಡಿದ್ದವು? ಒಮ್ಮೆ ಬುಸುಗುಟ್ಟಿ, ಗಾಡಿಯನ್ನು ಎಳೆದುಕೊಂಡು ಹಳ್ಳದ ಕಡೆ ಓಟ ಕಿತ್ತವು.

"ಹೋದವಲೇ" ಎಂದು ಬಸ್ಸಪ್ಪ ಎದೆ ಹಿಡಿದುಕೊಂಡ.

ಲಾಲಪ್ಪ ಹಿಂದೆ ಮುಂದೆ ನೋಡದೆ ಎತ್ತುಗಳ ಬೆನ್ನು ಹತ್ತಿದ. ಅವನ ಹಿಂದೆ ಉಳಿದ ವರಂಗಿಗಳು, ಅವರ ಹಿಂದೆ ನಾಯಿಗಳು. ಗಾಡಿ ಹಳ್ಳದ ಉಸುಕಿನಲ್ಲಿ ಅಚ್ಚಿನ ತನಕ ಹೂತು ನಿಂತಿತು. ರಾಜೇಸಾಬ್ ಗಡ್ಡವನ್ನು ಕುತ್ತಿಗೆಗೆ ಇಳಿಸಿಕೊಂಡು ದಂಡೆಯ ಮೇಲೆ ಕೂತುಬಿಟ್ಟ.

"ಇರಲಿ ಬಿಡಲೇ. ನಾಳೆ ತಗದ್ರಾತು. ಗಾಡಿ ಇಲ್ಲೇ ಉಳದ್ರ ನಿನ್ನ ಹೇಣ್ತೀನೂ ಇಲ್ಲೇ ಉಳೀತಾಳ. ನಿನಗ ಚಲೋನ ಅಲ್ಲೇನು?"

"ಆಕಿ ಅಳಾಕತ್ಯಾಳೋ ರಾಜೇಸಾಬ್."

ರಾಜೇಸಾಬನಿಗೂ ಹೆಂಡತಿ ಇದ್ದಳು. ಅವನು ಗಡ್ಡವನ್ನು ಮೇಲಕ್ಕೆ ಏರಿಸಿ ಎದ್ದು ಬಂದ. ಎತ್ತು ಬಿಚ್ಚಿ, ನಾಲ್ವರೂ ನಾಲ್ಕು ಕಡೆ ಹೆಗಲು ಕೊಟ್ಟು ಗಾಡಿಯನ್ನು ಎತ್ತಿ ದಂಡೆಗೆ ತಂದರು. ದೋಣಿ ಹೊತ್ತ ಆ ಹಳೆಯ ವರಂಗಿಗಳು ಇದ್ದಿದ್ದರೆ ಶಹಭಾಸ್ ಅನ್ನುತ್ತಿದ್ದರು. ಲಾಲಪ್ಪನ ತೋಳಿನ ಹೊಲಿಗೆ ಬಿಟ್ಟಿತು. ಅವನು ಲೆಕ್ಕಿಸಲಿಲ್ಲ. ಹೆಂಡತಿಯನ್ನು ತನ್ನಿಂದ ಒಯ್ಯುವ ಗಾಡಿಯನ್ನು ತಾನೇ ಮುಂದೆ ನಿಂತು ನಡೆಸಿಕೊಂಡು ಬಂದು ಬಾಗಿಲಿಗೆ ನಿಲ್ಲಿಸಿದ.

"ನೋಡ್ರಿ" ಎಂದ ಏದುಸಿರಿನಲ್ಲಿ. "ವರಂಗಿ ಅಂದ್ರ ಇವರು. ರೂಮ್ ಬಾದಶಹಾನ ಪಹರೆದವರು. ಇವತ್ತು ಸಾಲ್ಯಾಗ ನಾಟಕ ಐತಿ. ಇವ ರಾಜೇಸಾಬ್, ಇವ ಪಕೀರಪ್ಪ, ಇವ ಹುಸೇನಬಾಷಾ. ಇದರಾಗ ಯಾವಾಕಿ ನಿಮ್ಮ ವರಂಗಿ, ಹೇಳ್ರಿ."

ಕಸ್ತೂರೆಮ್ಮ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಒಬ್ಬೊಬ್ಬರ ಮುಖವನ್ನೂ ಹತ್ತಿರದಿಂದ ನೋಡಿ, ಕೊನೆಗೆ ಲಾಲಪ್ಪನ ಗಡ್ಡ ಹಿಡಿದು ಜಗ್ಗಿದಳು. ದಾರ ಹರಿದು ಗಡ್ಡ ಕೈಗೆ ಬಂತು. ಗಡ್ಡದ ಗಂಟಿಗೆ ಸಿಕ್ಕಿದ ಅಂಗಿಯೂ ಬಾಯಿಬಿಟ್ಟು ಎದೆಯಿಂದ ಹತ್ತಿ ಸುರಿಯತೊಡಗಿತು. ಬಹಾದ್ದೂರ ವರಂಗಿ ಎಲ್ಲರ ಕಣ್ಣೆದುರಿಗೇ ಸೊರಗಿ ಸೊರಗಿ ಮತ್ತೆ ಗಜಕಡ್ಡಿಯಾದ.

ಓಣಿಗೆ ಓಣಿಯೇ ನಕ್ಕಿತು. ಅಮರಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಆಕೆಯ ಕಣ್ಣಲ್ಲಿ ಹೊಸ ನೀರು ಬಂತು. ಲಾಲಪ್ಪ ನಗುವನ್ನಷ್ಟೇ ನೋಡಿದ. ಅವನ ಜೀವ ತಣ್ಣಗಾಯಿತು.

"ನನ್ನ ಅಳಿಯ ಬಂಗಾರದಂಥಾಂವ" ಎಂದು ಬಸ್ಸಪ್ಪ ಅವನ ಬೆನ್ನಿನ ಮೇಲೆ ಕೈಯಾಡಿಸಿದ. "ನಾನೇ ತಪ್ಪು ತಿಳಕೊಂಡೆ ತಮ್ಮಾ. ಏಳವ್ವ ಅಮರಮ್ಮ, ಇನ್ನೇನು ಅಡ್ಡಿ? ಹೊತ್ತು ಇನ್ನೂ ಐತಿ, ದೀಪ ಹಚ್ಚೂದರಾಗ ಹೊಸ್ತಿಲು ದಾಟು."

ಅಮರಮ್ಮ ತಂದೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಚೌಕಟ್ಟು ಹಿಡಿದು ನಿಧಾನಕ್ಕೆ ಎದ್ದಳು. ಕಸ್ತೂರೆಮ್ಮ ಕುಂಕುಮ ಹಚ್ಚಿ, ಉಡಿಗೆ ಅಕ್ಕಿ ಹಾಕಿ, ಅಷ್ಟು ಹೊತ್ತಿನ ತನ್ನ ಮಾತಿಗೆಲ್ಲ ಪ್ರಾಯಶ್ಚಿತ್ತವೆಂಬಂತೆ ಆಕೆಯ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಲಾಲಪ್ಪ ತಾನೇ ಕೈ ಹಿಡಿದು ಹೆಂಡತಿಯನ್ನು ಗಾಡಿಗೆ ಹತ್ತಿಸಿದ. ಬೆನ್ನಿಗೆ ಒರಗಲು ಅನುಕೂಲವಾಗಲೆಂದು ನೆಲಕ್ಕೆ ಬಿದ್ದ ಹತ್ತಿಯನ್ನೆಲ್ಲ ಬಳಿದು ತಂದು ಕೌದಿಯ ಕೆಳಗೆ ತುಂಬಿದ.

ಬಸ್ಸಪ್ಪ ನೊಗದ ಹತ್ತಿರ ಕಣ್ಣಿ ಬಿಗಿಯುತ್ತಿದ್ದ. ಅಮರಮ್ಮ ಗಂಡನನ್ನು ಹತ್ತಿರ ಕರೆದಳು. ಅವನು ಬಗ್ಗಿದ. ಆಕೆ ಅವನ ಹೆಗಲಿಗೆ ಅಂಟಿದ್ದ ಕೆಂಪು ದಾರವೊಂದನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು.

"ವರಂಗಿ ಅಂದ್ರ ಯಾರು ಅಂತ ನನಗ ಮೊದಲ ಗೊತ್ತಿತ್ತು" ಎಂದಳು ಮೆಲ್ಲಗೆ.

"ಹೆಂಗ?"

"ದಿನಾ ರಾತ್ರಿ ನಿದ್ದ್ಯಾಗ ಒದರತಿದ್ದೆಲ್ಲ. ‘ಬಾದಶಹಾ, ನೀವು ಸುಖವಾಗಿ ಮಲಗಿರಿ, ವರಂಗಿ ಎಚ್ಚರವಾಗಿದ್ದಾನೆ’ ಅಂತ. ಅಂದು ಗೊರಕಿ ಹೊಡೀತಿದ್ದಿ. ಇಡೀ ನಾಟಕ ನನಗ ಬಾಯಿಪಾಠ ಆಗೇತಿ."

ಲಾಲಪ್ಪನಿಗೆ ತಿಳಿಯಲಿಲ್ಲ. "ಮತ್ತ ಇಷ್ಟೊತ್ತನಕ ಯಾಕ ಅತ್ತಿ?"

ಅಮರಮ್ಮ ಅವನನ್ನೇ ನೋಡಿದಳು. ಆಕೆಗೆ ಸಿಟ್ಟು ಬಂದಿತ್ತು, ಅವನ ಮೇಲೆ ಪ್ರೀತಿಯೂ ಉಕ್ಕಿತ್ತು. ಎರಡನ್ನೂ ಹೇಳುವಷ್ಟು ಹೊತ್ತು ಇರಲಿಲ್ಲ.

"ಹೊತ್ತು ಮುಳುಗಲಿ ಅಂತ ಅತ್ತೆ, ಹುಚ್ಚಪ್ಪಾ."

ಬಸ್ಸಪ್ಪ ಎತ್ತುಗಳ ಬೆನ್ನು ತಟ್ಟಿದ. ಗಾಡಿ ಹೊರಟಿತು. ಲಾಲಪ್ಪ ಹಳ್ಳದ ದಂಡೆಯ ತನಕ ಗಾಡಿಯ ಹಿಂದೆಯೇ ನಡೆದ, ಅಲ್ಲಿ ಕೊಡಲಿ ಊರಿ ನಿಂತ. ಗಾಡಿ ಸಿಂಧನೂರ ಹಾದಿ ಹಿಡಿದು, ಜಾಲಿಗಿಡಗಳ ಮರೆಗೆ ಹೋಗಿ, ಕಡೆಗೆ ಅದರ ಗೆಜ್ಜೆಯ ಸದ್ದೂ ನಿಂತಿತು. ಅವನು ತಿರುಗಿ ಪಡುವಣ ದಿಕ್ಕಿಗೆ ನೋಡಿದ. ಹೊತ್ತು ಇನ್ನೂ ಗೇಣುದ್ದ ಮೇಲಿತ್ತು.